‘ಲೈಪೋಸೋಮಲ್’ ಕ್ಯಾನ್ಸರ್ ಔಷಧ ನೇರವಾಗಿ ಗಡ್ಡೆಗೇ ಹೋಗುತ್ತದೆಯೇ? ಕೊಬ್ಬಿನ ಗುಳ್ಳೆಯ ಅಸಲಿ ಕಥೆ

‘ಹೊಸ ನ್ಯಾನೋ ಔಷಧ ಬಂದಿದೆ. ನೇರವಾಗಿ ಕ್ಯಾನ್ಸರ್ ಗಡ್ಡೆಗೇ ಹೋಗಿ ಕೆಲಸ ಮಾಡುತ್ತದೆ. ಕೂದಲು ಉದುರುವುದಿಲ್ಲ, ಅಡ್ಡಪರಿಣಾಮವೇ ಇಲ್ಲ.’ ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತವೆ. ಅದರ ಬೆನ್ನಿಗೇ ‘ಲೈಪೋಸೋಮಲ್ ಅರಿಶಿನ’, ‘ಲೈಪೋಸೋಮಲ್ ವಿಟಮಿನ್ ಸಿ’ ಎಂಬ ಡಬ್ಬಿಗಳ ಜಾಹೀರಾತೂ ಬರುತ್ತದೆ. ಎರಡರಲ್ಲೂ ಪದ ಒಂದೇ ಆಗಿರುವುದರಿಂದ ಎರಡೂ ಒಂದೇ ವಿಜ್ಞಾನ ಎಂದು ಜನ ನಂಬುತ್ತಾರೆ.

ಬೆಂಗಳೂರಿನ ಹೊರವಲಯದವರಿಗೆ ಇದು ದೂರದ ಮಾತೇನಲ್ಲ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದ ಕಡೆ ಹೋದರೆ ಕ್ಯಾನ್ಸರ್ ಆಸ್ಪತ್ರೆ, ಔಷಧ ಕಾರ್ಖಾನೆ, ಸಂಶೋಧನಾಲಯ ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿ ಸಿಗುತ್ತವೆ. ಅಲ್ಲಿನ ಔಷಧ ಅಂಗಡಿಯ ಬಿಲ್ಲಿನಲ್ಲಿ ‘ಲೈಪೋಸೋಮಲ್’ ಎಂಬ ಪದ ಕಂಡಾಗ ಮನೆಯವರು ಕೇಳುವುದು ಒಂದೇ ಪ್ರಶ್ನೆ: ಸಾದಾ ಔಷಧಕ್ಕಿಂತ ಇಷ್ಟು ದುಬಾರಿ ಏಕೆ, ಇದನ್ನೇ ಕೊಡಿಸಬೇಕೇ?

ಮೊದಲು ಚುಟುಕಾಗಿ ಉತ್ತರ ಹೇಳುತ್ತೇವೆ.

• ಲೈಪೋಸೋಮ್ ಎಂಬುದು ಔಷಧವಲ್ಲ. ಅದು ಔಷಧವನ್ನು ಹೊತ್ತೊಯ್ಯುವ ಕೊಬ್ಬಿನ ಪುಟ್ಟ ಗುಳ್ಳೆ. ಒಳಗಿರುವುದು ಬಹುತೇಕ ಹಳೆಯ ಔಷಧವೇ.
• ನೀರಿನಲ್ಲಿ ಕರಗದ ಔಷಧವನ್ನು ರಕ್ತಕ್ಕೆ ಸೇರಿಸಲು, ಇಲ್ಲವೇ ಹೃದಯ, ಮೂತ್ರಪಿಂಡಗಳಿಗೆ ಆಗುವ ಹಾನಿ ತಗ್ಗಿಸಲು ಅದನ್ನು ಬಳಸುತ್ತಾರೆ.
• ಅದು ‘ಗಡ್ಡೆಗೆ ಮಾತ್ರ’ ಹೋಗುವುದಿಲ್ಲ. ಅಡ್ಡಪರಿಣಾಮಗಳು ಇಲ್ಲವಾಗುವುದಿಲ್ಲ, ಬದಲಾಗುತ್ತವೆ.
• ಒಂದೇ ಹೆಸರಿನ ಸಾದಾ ಮತ್ತು ಲೈಪೋಸೋಮಲ್ ಔಷಧವನ್ನು ಒಂದರ ಬದಲು ಇನ್ನೊಂದು ಕೊಡುವುದು ಪ್ರಾಣಕ್ಕೇ ಅಪಾಯ.
• ಬಾಯಿಯಿಂದ ಸೇವಿಸುವ ‘ಲೈಪೋಸೋಮಲ್’ ಡಬ್ಬಿಗಳಿಗೂ ಆಸ್ಪತ್ರೆಯ ಇಂಜೆಕ್ಷನ್‌ಗೂ ಸಂಬಂಧವಿಲ್ಲ.

ಈಗ ಒಂದೊಂದಾಗಿ ನೋಡೋಣ.

ಔಷಧ ನೀರಿನಲ್ಲಿ ಕರಗದಿದ್ದರೆ ಏನು ತೊಂದರೆ?

ಒಂದು ಲೋಟ ನೀರಿಗೆ ಅರಿಶಿನ ಹಾಕಿ ಕದಡಿ, ಸ್ವಲ್ಪ ಹೊತ್ತು ಬಿಡಿ. ಪುಡಿ ತಳಕ್ಕೆ ಕೂರುತ್ತದೆ. ಅದೇ ಅರಿಶಿನವನ್ನು ಒಗ್ಗರಣೆಯ ಬಿಸಿ ಎಣ್ಣೆಗೆ ಹಾಕಿದರೆ ಎಣ್ಣೆಯೆಲ್ಲ ಹಳದಿಯಾಗುತ್ತದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯನ್ನೇ ಇಷ್ಟಪಡುವ ವಸ್ತು ಎಂಬುದು ಇದಕ್ಕೆ ಕಾರಣ.

ಕ್ಯಾನ್ಸರ್ ಔಷಧಗಳಲ್ಲಿ ಹಲವು ಇದೇ ಸ್ವಭಾವದವು. ಜೀವಕೋಶದ ಹೊರಗೋಡೆ ಕೊಬ್ಬಿನದು. ಆ ಗೋಡೆಯನ್ನು ದಾಟಿ ಒಳಹೋಗಬಲ್ಲ ವಸ್ತುಗಳಿಗೆ ಎಣ್ಣೆಯ ಗುಣ ಇರುವುದು ಸಾಮಾನ್ಯ. ಆದರೆ ನಮ್ಮ ರಕ್ತದ ಬಹುಪಾಲು ನೀರು. ಕರಗದ ಪುಡಿಯನ್ನು ಹಾಗೆಯೇ ರಕ್ತನಾಳಕ್ಕೆ ಬಿಟ್ಟರೆ ಹರಳುಗಟ್ಟಿ ಸಣ್ಣ ನಾಳಗಳನ್ನೇ ಮುಚ್ಚಬಹುದು. ಹೀಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಚೆನ್ನಾಗಿ ಕೊಲ್ಲುವ ಎಷ್ಟೋ ವಸ್ತುಗಳು ರೋಗಿಯ ದೇಹಕ್ಕೆ ಬರುವ ಮೊದಲೇ ಸೋಲುತ್ತವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾನ್ಸರ್ ಔಷಧ ಹುಡುಕುವ ಆರಿಜೀನ್‌ನಂಥ ಸಂಸ್ಥೆಗಳಿಗೂ, ಬೊಮ್ಮಸಂದ್ರದಲ್ಲಿ ಬೇರೆ ಕಂಪನಿಗಳಿಗಾಗಿ ಔಷಧ ಸಂಶೋಧನೆ ಮಾಡಿಕೊಡುವ ಸಿಂಜೀನ್‌ನಂಥ ಸಂಸ್ಥೆಗಳಿಗೂ ‘ಇದು ಕರಗುತ್ತದೆಯೇ’ ಎಂಬುದು ಮೊದಮೊದಲಿನ ಪ್ರಶ್ನೆಗಳಲ್ಲೊಂದು.

ಹರಳೆಣ್ಣೆಯ ಮೊರೆ ಹೋದ ಔಷಧ

ಇದಕ್ಕೆ ಪ್ಯಾಕ್ಲಿಟಾಕ್ಸೆಲ್ ಒಳ್ಳೆಯ ಉದಾಹರಣೆ. ಸ್ತನ, ಅಂಡಾಶಯ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಇಂದಿಗೂ ತುಂಬಾ ಬಳಸುವ ಔಷಧ ಇದು. ಅಮೆರಿಕದ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು. ಅದರೊಳಗಿನ ಔಷಧವನ್ನು ಬೇರ್ಪಡಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾಣಿ. ಅದರ ರಚನೆ 1971ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1992ರ ಕೊನೆಗೆ. ಇಷ್ಟು ತಡವಾಗಲು ತೊಗಟೆಯ ಕೊರತೆ ಒಂದು ಕಾರಣವಾದರೆ, ಔಷಧ ನೀರಿನಲ್ಲಿ ಕರಗದೇ ಇದ್ದದ್ದು ಇನ್ನೊಂದು.

ಕೊನೆಗೆ ಕಂಡುಕೊಂಡ ದಾರಿ ಎಂದರೆ ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರವ ಮತ್ತು ಆಲ್ಕೋಹಾಲ್‌ನ ಮಿಶ್ರಣದಲ್ಲಿ ಅದನ್ನು ಕರಗಿಸುವುದು. ಸಾದಾ ಪ್ಯಾಕ್ಲಿಟಾಕ್ಸೆಲ್ ಈಗಲೂ ಹೀಗೇ ಬರುತ್ತದೆ. ಒಂದು ಮಿಲಿಲೀಟರ್‌ನಲ್ಲಿ 6 ಮಿ.ಗ್ರಾಂ. ಔಷಧವಿದ್ದರೆ, ಅದನ್ನು ಕರಗಿಸಿಡಲು ಸುಮಾರು 527 ಮಿ.ಗ್ರಾಂ. ಕ್ರೆಮೊಫೋರ್ ಇರುತ್ತದೆ. ಉಳಿದರ್ಧ ಆಲ್ಕೋಹಾಲ್.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಮೈಕಟ್ಟಿನ ಮಹಿಳೆಗೆ ಮೂರು ವಾರಕ್ಕೊಮ್ಮೆ ಕೊಡುವ ಡೋಸ್ ಸುಮಾರು 280 ಮಿ.ಗ್ರಾಂ. ಎಂದುಕೊಳ್ಳೋಣ. ಅಷ್ಟು ಔಷಧದ ಜೊತೆಗೆ ಹೆಚ್ಚುಕಡಿಮೆ 24 ಗ್ರಾಂ ಕ್ರೆಮೊಫೋರ್ ಕೂಡ ರಕ್ತಕ್ಕೆ ಇಳಿಯುತ್ತದೆ. ಅಂದರೆ ಔಷಧದ ಎಂಬತ್ತು ಪಟ್ಟಿಗೂ ಹೆಚ್ಚು ತೂಕದ ‘ಗಾಡಿ’!

ಆ ಗಾಡಿಯೇ ಒಂದು ತೊಂದರೆ. ಕೆಲವರಿಗೆ ಅದರಿಂದ ತೀವ್ರ ಅಲರ್ಜಿಯಾಗಿ ಉಸಿರಾಟ ಕಷ್ಟವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಅದಕ್ಕೇ ಕೀಮೋಗೆ ಮುನ್ನ ಸ್ಟೀರಾಯ್ಡ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್ ಕೊಟ್ಟು, ಔಷಧವನ್ನು ಹಲವು ಬಾರಿ ಮೂರು ಗಂಟೆಯಷ್ಟು ನಿಧಾನವಾಗಿ ಇಳಿಸುತ್ತಾರೆ. ಕ್ರೆಮೊಫೋರ್ ಮಾಮೂಲಿ ಪಿವಿಸಿ ಪ್ಲಾಸ್ಟಿಕ್‌ನಿಂದ ರಾಸಾಯನಿಕವನ್ನು ಹೊರಗೆಳೆಯುವುದರಿಂದ ಗಾಜಿನ ಬಾಟಲಿ, ಬೇರೆ ಬಗೆಯ ಟ್ಯೂಬ್ ಬೇಕಾಗುತ್ತದೆ. ‘ಈ ಡ್ರಿಪ್‌ಗೆ ಮಾತ್ರ ಟ್ಯೂಬ್ ಬೇರೆ ತನ್ನಿ ಅಂತಾರಲ್ಲ, ಯಾಕೆ’ ಎಂದು ರೋಗಿಯ ಮನೆಯವರಿಗೆ ಅನ್ನಿಸಿದ್ದರೆ ಉತ್ತರ ಇದು.

ಹೀಗಾಗಿ ವಿಜ್ಞಾನಿಗಳು ಬೇರೆ ಗಾಡಿ ಹುಡುಕಿದರು.

ಲೈಪೋಸೋಮ್ ಎಂದರೆ ಏನು?

1960ರ ದಶಕದ ನಡುವೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ಅವರ ಸಂಗಡಿಗರು ಲೆಸಿಥಿನ್ ಎಂಬ ಕೊಬ್ಬನ್ನು ನೀರಿನಲ್ಲಿ ಕದಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೊಬ್ಬು ತಾನಾಗಿಯೇ ಟೊಳ್ಳು ಗುಳ್ಳೆಗಳಾಗಿ ಸುತ್ತಿಕೊಂಡಿತ್ತು. ಇವೇ ಲೈಪೋಸೋಮ್‌ಗಳು.

ಲೆಸಿಥಿನ್ ನಮಗೆ ಹೊಸತಲ್ಲ. ಕೋಳಿಮೊಟ್ಟೆಯ ಹಳದಿಯಲ್ಲಿದೆ, ಸೋಯಾದಲ್ಲಿದೆ. ಚಾಕೊಲೇಟ್ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 322 ಎಂಬ ಸಂಖ್ಯೆ ಕಂಡರೆ ಅದು ಲೆಸಿಥಿನ್. ಅದರ ಒಂದೊಂದು ಕಣಕ್ಕೂ ಸೋಪಿನ ಕಣದ ಹಾಗೆ ಎರಡು ಮುಖ. ತಲೆಗೆ ನೀರು ಬೇಕು, ಬಾಲಕ್ಕೆ ನೀರೆಂದರೆ ಆಗದು. ಆದ್ದರಿಂದ ನೀರಿನಲ್ಲಿ ಬಿಟ್ಟಾಗ ಬಾಲಗಳೆಲ್ಲ ಒಳಮುಖವಾಗಿ ಅವಿತುಕೊಂಡು, ತಲೆಗಳು ಹೊರಗೂ ಒಳಗೂ ನಿಂತು, ಎರಡು ಪದರದ ಗೋಡೆಯ ಗುಳ್ಳೆಯಾಗುತ್ತದೆ. ನಮ್ಮ ಜೀವಕೋಶದ ಗೋಡೆಯೂ ಇದೇ ಮಾದರಿಯದು.

ಈ ಗುಳ್ಳೆಯಲ್ಲಿ ಔಷಧ ಇಡಲು ಎರಡು ಜಾಗಗಳಿವೆ. ನೀರಿನಲ್ಲಿ ಕರಗುವ ಔಷಧ ನಡುವಿನ ಟೊಳ್ಳಿನಲ್ಲಿ ಕೂರುತ್ತದೆ. ಎಣ್ಣೆಯ ಗುಣದ ಔಷಧ ಕೊಬ್ಬಿನ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಔಷಧಕ್ಕೆ ಬಳಸುವ ಗುಳ್ಳೆಯ ಅಗಲ ಸುಮಾರು 100 ನ್ಯಾನೋಮೀಟರ್. ಒಂದು ತಲೆಗೂದಲಿನ ಅಡ್ಡಗಲಕ್ಕೆ ಇಂಥ ಎಂಟುನೂರರಷ್ಟು ಗುಳ್ಳೆಗಳನ್ನು ಸಾಲಾಗಿ ಜೋಡಿಸಬಹುದು.

ಕೇಳಲು ಸುಲಭ. ಆದರೆ ಪ್ಯಾಕ್ಲಿಟಾಕ್ಸೆಲ್ ಇಲ್ಲೂ ಸತಾಯಿಸಿತು. ಗೋಡೆಯಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ. ನೂರು ಕೊಬ್ಬಿನ ಕಣಗಳಿಗೆ ಮೂರು ನಾಲ್ಕು ಔಷಧದ ಕಣಗಳಿಗಿಂತ ಹೆಚ್ಚು ತುರುಕಿದರೆ ಹೊರಬಂದು ಹರಳುಗಟ್ಟುತ್ತದೆ. ಚೀನಾದಲ್ಲಿ 2003ರಲ್ಲಿ ಪ್ಯಾಕ್ಲಿಟಾಕ್ಸೆಲ್ ಲೈಪೋಸೋಮ್ ಒಂದಕ್ಕೆ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ ಮಾತ್ರ ಬೇರೆಯ ಗಾಡಿ ಗೆದ್ದಿತು.

ಬೆಂಗಳೂರಿಗೆ ಬಂದ ಇನ್ನೊಂದು ಗಾಡಿ

ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ಎಣ್ಣೆಯ ಗುಣದ ವಸ್ತುಗಳನ್ನು ಹೊತ್ತು ತಿರುಗುವುದು ಅದರ ಕೆಲಸಗಳಲ್ಲಿ ಒಂದು. ಪ್ಯಾಕ್ಲಿಟಾಕ್ಸೆಲ್ ಅನ್ನು ಇದೇ ಆಲ್ಬುಮಿನ್‌ಗೆ ಅಂಟಿಸಿ 130 ನ್ಯಾನೋಮೀಟರ್‌ನಷ್ಟು ಕಣ ಮಾಡಿದ ಔಷಧ ಅಬ್ರಾಕ್ಸೇನ್. ಅಮೆರಿಕದಲ್ಲಿ 2005ರ ಜನವರಿಯಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಭಾರತದಲ್ಲಿ ಅದನ್ನು 2008ರಲ್ಲಿ ಮಾರುಕಟ್ಟೆಗೆ ತಂದದ್ದು ಹೊಸೂರು ರಸ್ತೆಯ ಬಯೋಕಾನ್. ಇದು ಲೈಪೋಸೋಮ್ ಅಲ್ಲ, ಕೊಬ್ಬಿನ ಬದಲು ಪ್ರೋಟೀನ್. ಆದರೆ ಬಗೆಹರಿಸಿದ ಸಮಸ್ಯೆ ಅದೇ: ಹರಳೆಣ್ಣೆಯ ದ್ರವವಿಲ್ಲದೆ ಕರಗದ ಔಷಧವನ್ನು ರಕ್ತಕ್ಕೆ ಸೇರಿಸುವುದು. ಮೂರು ಗಂಟೆಯ ಡ್ರಿಪ್ ಅರ್ಧ ಗಂಟೆಗೆ ಇಳಿಯಿತು. ಸ್ಟೀರಾಯ್ಡ್ ಮೊದಲೇ ಕೊಡಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲವಾಯಿತು.

ಹಾಗಾದರೆ ರೋಗಿಗೆ ಏನು ಸಿಕ್ಕಿತು? ಸ್ತನ ಕ್ಯಾನ್ಸರ್ ಹರಡಿದ್ದ 454 ಮಹಿಳೆಯರ ಮೇಲೆ ನಡೆದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಹೊಸ ರೂಪ ಪಡೆದವರಲ್ಲಿ ಶೇ. 33ರಷ್ಟು ಮಂದಿಗೆ ಗಡ್ಡೆ ಕುಗ್ಗಿತು, ಹಳೆಯ ರೂಪದಲ್ಲಿ ಶೇ. 19. ರಕ್ತದ ಬಿಳಿಕಣ ತೀರಾ ಕುಸಿದದ್ದೂ ಹೊಸದರಲ್ಲೇ ಕಡಿಮೆ. ಆದರೆ ಕೈಕಾಲು ಜೋಮು ಹಿಡಿಯುವ ತೀವ್ರ ನರದ ತೊಂದರೆ ಹೊಸದರಲ್ಲಿ ಶೇ. 10 ಇದ್ದರೆ ಹಳೆಯದರಲ್ಲಿ ಶೇ. 2 ಮಾತ್ರ. ಹೊಸ ರೂಪದಲ್ಲಿ ಔಷಧದ ಡೋಸೇ ಹೆಚ್ಚಿತ್ತು ಎಂಬುದನ್ನು ಮರೆಯಬಾರದು. ಒಟ್ಟು ಬದುಕುಳಿದ ಅವಧಿಯಲ್ಲಿ, ಎಲ್ಲರನ್ನೂ ಸೇರಿಸಿ ನೋಡಿದಾಗ, ಖಚಿತ ಎನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಲಾಭ ನಿಜ, ಪವಾಡವಲ್ಲ.

‘ಕೆಂಪು ಔಷಧ’ದ ಕಥೆ

ಹೆಸರುವಾಸಿಯಾದ ಲೈಪೋಸೋಮಲ್ ಕ್ಯಾನ್ಸರ್ ಔಷಧ ಎಂದರೆ ಡಾಕ್ಸೊರುಬಿಸಿನ್‌ನದು. ಅಮೆರಿಕದಲ್ಲಿ 1995ರಲ್ಲಿ ಡಾಕ್ಸಿಲ್ ಎಂಬ ಹೆಸರಿನಲ್ಲಿ ಬಂತು. ನಮ್ಮ ಸನ್ ಫಾರ್ಮಾ ತಯಾರಿಸುವ ಇದೇ ಬಗೆಯ ಔಷಧ ಲಿಪೋಡಾಕ್ಸ್. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿನ ಸರ್ಕಾರ ಲಿಪೋಡಾಕ್ಸ್ ಆಮದಿಗೆ ತಾತ್ಕಾಲಿಕ ಅನುಮತಿ ಕೊಟ್ಟಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಇಂಜೆಕ್ಷನ್‌ನಲ್ಲಿ ಬಳಸುವ ರೂಪದ ಡಾಕ್ಸೊರುಬಿಸಿನ್ ನೀರಿನಲ್ಲಿ ಕರಗುತ್ತದೆ. ಅದನ್ನು ಗುಳ್ಳೆಯೊಳಗೆ ಇಟ್ಟದ್ದು ಕರಗಿಸಲು ಅಲ್ಲ, ಹೃದಯವನ್ನು ಉಳಿಸಲು. ಸಾದಾ ಡಾಕ್ಸೊರುಬಿಸಿನ್ ಒಟ್ಟು ಪ್ರಮಾಣ ಏರಿದಂತೆಲ್ಲ ಹೃದಯದ ಸ್ನಾಯು ದುರ್ಬಲವಾಗುವ ಅಪಾಯವಿದೆ. ಗುಳ್ಳೆ ದೊಡ್ಡದಾದ್ದರಿಂದ ಹೃದಯದ ಬಿಗಿಯಾದ ರಕ್ತನಾಳಗಳ ಗೋಡೆಯಿಂದ ಸುಲಭವಾಗಿ ಹೊರಜಾರುವುದಿಲ್ಲ.

ಸ್ತನ ಕ್ಯಾನ್ಸರ್ ಹರಡಿದ್ದ 509 ಮಹಿಳೆಯರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ರೋಗ ಮತ್ತೆ ಬೆಳೆಯದೆ ಇದ್ದ ಅವಧಿ ಲೈಪೋಸೋಮಲ್‌ನಲ್ಲಿ 6.9 ತಿಂಗಳು, ಸಾದಾದಲ್ಲಿ 7.8 ತಿಂಗಳು. ಬದುಕುಳಿದ ಅವಧಿ 21 ಮತ್ತು 22 ತಿಂಗಳು. ಹೆಚ್ಚುಕಡಿಮೆ ಸಮ. ಆದರೆ ಸಾದಾ ಔಷಧದಲ್ಲಿ ಹೃದಯಕ್ಕೆ ಹಾನಿಯಾಗುವ ಅಪಾಯ ಮೂರು ಪಟ್ಟು. ಕೂದಲು ಉದುರಿದ್ದು ಲೈಪೋಸೋಮಲ್‌ನಲ್ಲಿ ಶೇ. 20, ಸಾದಾದಲ್ಲಿ ಶೇ. 66. ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಸುಲಿಯುವ ತೊಂದರೆ ಮಾತ್ರ ತಿರುಗುಮುರುಗು: ಲೈಪೋಸೋಮಲ್‌ನಲ್ಲಿ ಶೇ. 48, ಸಾದಾದಲ್ಲಿ ಶೇ. 2.

ಫಾರ್ವರ್ಡ್‌ಗಳಲ್ಲಿ ಬರುವುದು ಕೂದಲಿನ ಸಾಲು ಮಾತ್ರ. ಅಂಗೈಯ ಸಾಲು ಬರುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ಹಿಡಿಯುವವರಿಗೆ, ದಿನವಿಡೀ ಕೀಬೋರ್ಡ್ ಒತ್ತುವವರಿಗೆ ಅಂಗೈ ಸುಲಿಯುವುದು ಸಣ್ಣ ವಿಷಯವಲ್ಲ. ಇಬ್ಬರು ರೋಗಿಗಳಿಗೆ ಉತ್ತರ ಬೇರೆಬೇರೆ ಆಗಬಹುದು. ಹೃದಯ ಮೊದಲೇ ದುರ್ಬಲವಿರುವವರಿಗೆ ಲೈಪೋಸೋಮಲ್ ರೂಪ ನಿಜವಾಗಿಯೂ ಬೇಕಾಗಬಹುದು. ಉಳಿದವರಿಗೆ ಸಾದಾ ಔಷಧವೇ ಸಾಕಾಗಬಹುದು.

ಆಯಸ್ಸು ಹೆಚ್ಚಿಸಿದ ಉದಾಹರಣೆಯೇ ಇಲ್ಲವೇ? ಇದೆ. ಎರಡು ಔಷಧಗಳನ್ನು ನಿಗದಿತ ಪ್ರಮಾಣದಲ್ಲಿ ಒಂದೇ ಗುಳ್ಳೆಯಲ್ಲಿ ಇಟ್ಟ ವಿಕ್ಸಿಯೋಸ್‌ಗೆ 2017ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ತೀವ್ರ ಬಗೆಯ ರಕ್ತ ಕ್ಯಾನ್ಸರ್ ಇದ್ದ 60ರಿಂದ 75 ವರ್ಷದ 309 ಮಂದಿಯಲ್ಲಿ, ಬದುಕುಳಿದ ಅವಧಿ ಸುಮಾರು 6 ತಿಂಗಳಿನಿಂದ 9.5 ತಿಂಗಳಿಗೆ ಏರಿತು. ಆದ್ದರಿಂದ ‘ಎಲ್ಲ ಲೈಪೋಸೋಮಲ್ ಔಷಧವೂ ದುಡ್ಡು ಹೊಡೆಯುವ ತಂತ್ರ’ ಎಂಬ ಫಾರ್ವರ್ಡ್ ಕೂಡ ತಪ್ಪು. ಯಾವ ಔಷಧ, ಯಾವ ಕ್ಯಾನ್ಸರ್, ಯಾವ ರೋಗಿ ಎಂದು ನೋಡದೆ ಹೇಳುವ ಮಾತು ಎರಡೂ ಕಡೆ ಸುಳ್ಳಾಗುತ್ತದೆ.

‘ಗಡ್ಡೆಗೆ ಮಾತ್ರ ಹೋಗುತ್ತದೆ’ ಎಂಬುದು ನಿಜವೇ?

ಈ ಮಾತಿಗೆ ಒಂದು ಮೂಲವಿದೆ. ಆತುರಾತುರವಾಗಿ ಬೆಳೆಯುವ ಗಡ್ಡೆಯ ರಕ್ತನಾಳಗಳು ಸೋರುವ ಪೈಪಿನಂತೆ. ಸಣ್ಣ ಕಣಗಳು ಅಲ್ಲಿ ಹೊರಜಾರಿ ಉಳಿದುಕೊಳ್ಳುತ್ತವೆ ಎಂದು ಜಪಾನಿನ ಹಿರೋಷಿ ಮಾಯೆದಾ ಮತ್ತು ಯಾಸುಹಿರೊ ಮಾಟ್ಸುಮುರಾ 1986ರಲ್ಲಿ ತೋರಿಸಿದರು. ‘ನ್ಯಾನೋ ಔಷಧ ಗಡ್ಡೆಯನ್ನು ಹುಡುಕುತ್ತದೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಆದರೆ ಎಷ್ಟು ಪಾಲು? ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದರು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆ ತಲುಪಿದ್ದು ಸುಮಾರು ಶೇ. 0.7. ಅಂದರೆ ಸಾವಿರಕ್ಕೆ ಏಳು. ಉಳಿದವುಗಳಲ್ಲಿ ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಬೀಳುತ್ತವೆ. ಇಂಥ ಕಣಗಳನ್ನು ಹಿಡಿದು ಹಾಕುವುದೇ ಆ ಅಂಗಗಳ ಕೆಲಸ. ಗುಳ್ಳೆಗೆ ಕಣ್ಣಿಲ್ಲ. ಅದು ರಕ್ತದಲ್ಲಿ ತೇಲುತ್ತದೆ, ಸೋರುವ ಕಡೆ ಕೊಂಚ ಹೆಚ್ಚು ಸೇರುತ್ತದೆ. ಮನುಷ್ಯರ ಗಡ್ಡೆಗಳಲ್ಲಿ ಈ ಸೋರಿಕೆ ಒಬ್ಬರಿಂದ ಒಬ್ಬರಿಗೆ ಬೇರೆ.

2021ರಲ್ಲಿ ಕರ್ನಾಟಕ ಕಲಿತ ಪದ

‘ಲೈಪೋಸೋಮಲ್’ ಎಂಬ ಪದ ಕನ್ನಡದ ಮನೆಮನೆಗೆ ಬಂದದ್ದು ಕ್ಯಾನ್ಸರ್‌ನಿಂದ ಅಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರದಿಂದ. ಅದರ ಮುಖ್ಯ ಔಷಧ ಆಂಫೊಟೆರಿಸಿನ್ ಬಿ. ಇದೂ ನೀರಿನಲ್ಲಿ ಕರಗದು. ಹಳೆಯ ರೂಪದಲ್ಲಿ ಇದನ್ನು ಪಿತ್ತರಸದ ಲವಣವೊಂದರ ಜೊತೆ ಬೆರೆಸಿ ಕೊಡುತ್ತಿದ್ದರು. ಮೂತ್ರಪಿಂಡಕ್ಕೆ ಅದು ಕಠಿಣ. ಲೈಪೋಸೋಮಲ್ ರೂಪದಲ್ಲಿ ಆ ಹಾನಿ ಕಡಿಮೆ.

ಈ ಔಷಧ ಕೀಮೋ ಪಡೆಯುವವರಿಗೂ ಬೇಕಾಗುತ್ತದೆ. ಬಿಳಿಕಣ ಕುಸಿದು ಜ್ವರ ಬಂದು, ಶಿಲೀಂಧ್ರದ ಸೋಂಕಿನ ಶಂಕೆ ಇದ್ದ 687 ಮಂದಿಯ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಯಶಸ್ಸು ಎರಡೂ ರೂಪಗಳಲ್ಲಿ ಶೇ. 50ರ ಆಸುಪಾಸು. ಮೂತ್ರಪಿಂಡಕ್ಕೆ ಹಾನಿಯಾದದ್ದು ಲೈಪೋಸೋಮಲ್‌ನಲ್ಲಿ ಶೇ. 19, ಹಳೆಯದರಲ್ಲಿ ಶೇ. 34. ಮತ್ತೆ ಅದೇ ಪಾಠ: ಗುಣಪಡಿಸುವ ಶಕ್ತಿ ಸಮ, ಸಹಿಸಿಕೊಳ್ಳುವುದು ಸುಲಭ.

ಆಗ ಅಷ್ಟು ಕೊರತೆಯಾದದ್ದೇಕೆ? ಒಂದು ವಯಲ್‌ನಲ್ಲಿ ಇರುವುದು 50 ಮಿ.ಗ್ರಾಂ. ಒಂದು ಕಿಲೋ ದೇಹತೂಕಕ್ಕೆ 5 ಮಿ.ಗ್ರಾಂ. ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ದಿನಕ್ಕೆ 300 ಮಿ.ಗ್ರಾಂ., ಅಂದರೆ 6 ವಯಲ್. ಅದೂ ವಾರಗಟ್ಟಲೆ. ಒಂದೇ ಗಾತ್ರದ ಗುಳ್ಳೆಗಳನ್ನು, ಔಷಧ ಸೋರದಂತೆ, ಸೂಕ್ಷ್ಮಾಣು ಸೋಕದಂತೆ ಲಕ್ಷಗಟ್ಟಲೆ ವಯಲ್‌ಗೆ ತುಂಬುವುದು ರಾತ್ರೋರಾತ್ರಿ ಆಗುವ ಕೆಲಸವಲ್ಲ. ದುಬಾರಿಯಾಗಲೂ ಇದೇ ಕಾರಣ. ಜೂನ್ 12ರಂದು ಜಿಎಸ್‌ಟಿ ಮಂಡಳಿ ಈ ಔಷಧದ ಮೇಲಿನ ತೆರಿಗೆಯನ್ನು ತಾತ್ಕಾಲಿಕವಾಗಿ ಶೂನ್ಯಕ್ಕಿಳಿಸಿತ್ತು.

ಹೆಸರು ಒಂದೇ, ಔಷಧ ಒಂದೇ ಅಲ್ಲ

ಈ ಲೇಖನದಲ್ಲಿ ಒಂದೇ ಒಂದು ಭಾಗ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಆಂಫೊಟೆರಿಸಿನ್‌ನ ಹಳೆಯ ರೂಪವನ್ನು ದಿನಕ್ಕೆ ಕಿಲೋಗೆ 1.5 ಮಿ.ಗ್ರಾಂ. ಮೀರಿ ಕೊಡಲೇಬಾರದು. 60 ಕಿಲೋ ತೂಕದವರಿಗೆ ಗರಿಷ್ಠ 90 ಮಿ.ಗ್ರಾಂ. ಲೈಪೋಸೋಮಲ್‌ನಲ್ಲಿ ಅದೇ ವ್ಯಕ್ತಿಗೆ 300 ಮಿ.ಗ್ರಾಂ. ಮಾಮೂಲಿ. ಲೈಪೋಸೋಮಲ್ ಡೋಸ್ ಬರೆದ ಚೀಟಿಗೆ ಯಾರಾದರೂ ಹಳೆಯ ರೂಪ ತಂದುಕೊಟ್ಟು, ಅದನ್ನು ಯಾರೂ ಗಮನಿಸದೆ ಕೊಟ್ಟರೆ ಪ್ರಾಣವೇ ಹೋಗಬಹುದು.

ಡಾಕ್ಸೊರುಬಿಸಿನ್‌ನಲ್ಲೂ ಹಾಗೆ. ಎರಡೂ ಕೆಂಪಗಿರುತ್ತವೆ. ಡೋಸ್ ಬೇರೆ, ಅಂತರ ಬೇರೆ. ಒಂದರ ಬದಲು ಇನ್ನೊಂದನ್ನು ಅಷ್ಟೇ ಮಿಲಿಗ್ರಾಂ ಕೊಡಬಾರದು ಎಂದು ಔಷಧದ ಲೇಬಲ್ಲಿನಲ್ಲೇ ಎಚ್ಚರಿಕೆ ಇರುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಕಂಪನಿ ಬದಲಾದರೂ ಪರವಾಗಿಲ್ಲ. ಇಲ್ಲಿ ‘ಅದೇ ಕಂಟೆಂಟ್, ಅಗ್ಗದ್ದು ಕೊಡಿ’ ಎನ್ನುವಂತಿಲ್ಲ. ಅಗ್ಗದ್ದು ಬೇಕಿದ್ದರೆ ಕೇಳಬೇಕಾದ್ದು ವೈದ್ಯರನ್ನು, ಅಂಗಡಿಯವರನ್ನಲ್ಲ.

ಹೊರಗಿನಿಂದ ಔಷಧ ತಂದುಕೊಡಬೇಕಾದರೆ ಇನ್ನೂ ಒಂದು ಮಾತು. ಲೈಪೋಸೋಮಲ್ ಡಾಕ್ಸೊರುಬಿಸಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದೂವರೆ ಗಂಟೆ ಇಟ್ಟುಕೊಂಡು ಬರುವಂತಿಲ್ಲ. ಹಾಗೆಂದು ಮನೆಯ ಫ್ರೀಜರ್‌ಗೆ ಹಾಕುವಂತೆಯೂ ಇಲ್ಲ, ಹೆಪ್ಪುಗಟ್ಟಿದರೆ ಗುಳ್ಳೆ ಕೆಡುತ್ತದೆ. ಅಂಗಡಿಯಲ್ಲೇ ಐಸ್ ಪ್ಯಾಕ್ ಇರುವ ಡಬ್ಬಿ ಕೇಳಿ ಪಡೆಯಿರಿ. ವಯಲ್ ನೇರವಾಗಿ ಐಸ್‌ಗೆ ತಾಗದಿರಲಿ.

ಹಾಗಾದರೆ ‘ಲೈಪೋಸೋಮಲ್ ಅರಿಶಿನ’?

ಇಲ್ಲೂ ಒಂದು ಬೆಂಗಳೂರಿನ ಕಥೆಯಿದೆ. ‘ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ ಶಕ್ತಿ 2000 ಪರ್ಸೆಂಟ್ ಹೆಚ್ಚುತ್ತದೆ’ ಎಂಬ ಸಂದೇಶ ನೀವು ಓದಿರಬಹುದು. ಆ ಸಂಖ್ಯೆ ಬಂದದ್ದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ಅದನ್ನು ನಡೆಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಜೊತೆಗಿದ್ದವರಲ್ಲಿ ಪೀಣ್ಯದಲ್ಲಿ ಗಿಡಮೂಲಿಕೆ ಸಾರ ತಯಾರಿಸುವ ಸಾಮಿ ಲ್ಯಾಬ್ಸ್‌ನ ಸ್ಥಾಪಕ ಮೊಹಮ್ಮದ್ ಮಜೀದ್ ಕೂಡ ಒಬ್ಬರು.

ಅಧ್ಯಯನ ಹೇಳಿದ್ದಿಷ್ಟು: ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಅದು ಕಂಡೂ ಕಾಣದಷ್ಟು ಕಡಿಮೆ. ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ. ಸೇರಿಸಿದಾಗ ಆ ಮಟ್ಟ 2000 ಪರ್ಸೆಂಟ್ ಏರಿತು. ಅಳೆದದ್ದು ರಕ್ತದಲ್ಲಿನ ಮಟ್ಟವನ್ನು, ಕ್ಯಾನ್ಸರ್ ಗುಣವಾದದ್ದನ್ನಲ್ಲ. ಇಲ್ಲದಷ್ಟು ಕಡಿಮೆ ಇದ್ದದ್ದು ಇಪ್ಪತ್ತು ಪಟ್ಟಾದರೂ ಇನ್ನೂ ಕಡಿಮೆಯೇ.

‘ಲೈಪೋಸೋಮಲ್’ ಡಬ್ಬಿಗಳು ಇದೇ ಕೊರತೆಯನ್ನು ತುಂಬುತ್ತೇವೆ ಎನ್ನುತ್ತವೆ. ಆದರೆ ಆಸ್ಪತ್ರೆಯಲ್ಲಿ ಬಳಸುವ ಲೈಪೋಸೋಮಲ್ ಕ್ಯಾನ್ಸರ್ ಔಷಧಗಳು ರಕ್ತನಾಳಕ್ಕೆ ಕೊಡುವಂಥವು. ಬಾಯಿಯಿಂದ ಹೋದ ಕೊಬ್ಬಿನ ಗುಳ್ಳೆಯನ್ನು ನಮ್ಮ ಕರುಳು ಮೊಟ್ಟೆಯ ಹಳದಿಯಂತೆಯೇ ಜೀರ್ಣಿಸಲು ಹೊರಡುತ್ತದೆ. ಪಿತ್ತರಸ ಅದನ್ನು ಒಡೆಯುತ್ತದೆ. ಆಹಾರ ಪೂರಕವಾಗಿ ಮಾರುವ ಡಬ್ಬಿ ಔಷಧದಂತೆ ರೋಗಿಗಳ ಮೇಲಿನ ಪರೀಕ್ಷೆ ದಾಟಿ ಬಂದಿರಬೇಕಿಲ್ಲ. ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಔಷಧದ ಜಾಹೀರಾತು ಕೊಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ.

ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದಿಂದ ಭಯವಿಲ್ಲ. ಆದರೆ ಕೀಮೋ ನಡೆಯುವಾಗ ಹೆಚ್ಚು ಹೀರಿಕೆಯಾಗುವ ಸಾರದ ಮಾತ್ರೆಗಳನ್ನು ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಪೈಪರಿನ್ ಬೇರೆ ಔಷಧಗಳ ಮಟ್ಟವನ್ನೂ ಏರುಪೇರು ಮಾಡಬಲ್ಲದು. ಇಂಥ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದ್ದಾರೆ.

ವೈದ್ಯರನ್ನು ಏನು ಕೇಳಬೇಕು?

ಕ್ಯಾನ್ಸರ್ ಎಂದ ಕೂಡಲೇ ಮನೆಯವರು ಒಡವೆ ಅಡವಿಡಲೂ ಸಿದ್ಧರಾಗುತ್ತಾರೆ. ‘ದುಬಾರಿಯದ್ದೇ ಒಳ್ಳೆಯದು’ ಎಂಬ ಭಾವನೆ ಆಗ ಬಲು ಬೇಗ ಬರುತ್ತದೆ. ಇನ್ನು ಕೆಲವರು ಫಾರ್ವರ್ಡ್ ಓದಿ ‘ಸಾದಾ ಕೀಮೋ ಬೇಡ, ನ್ಯಾನೋ ಕೊಡಿಸೋಣ’ ಎಂದು ದುಡ್ಡು ಹೊಂದಿಸುವುದರಲ್ಲೇ ವಾರಗಳನ್ನು ಕಳೆಯುತ್ತಾರೆ. ಎರಡರಲ್ಲೂ ನಷ್ಟ ರೋಗಿಗೇ. ಅದಕ್ಕೆ ಮುಂಚೆ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಡಾಕ್ಟರೇ, ಈ ಔಷಧದ ಸಾದಾ ರೂಪವೂ ಇದೆಯೇ? ನಮ್ಮ ರೋಗಿಗೆ ಲೈಪೋಸೋಮಲ್ ಏಕೆ ಬೇಕು?
2. ಇದರಿಂದ ಲಾಭ ಯಾವುದರಲ್ಲಿ: ಆಯಸ್ಸಿನಲ್ಲೋ, ಗಡ್ಡೆ ಕುಗ್ಗುವುದರಲ್ಲೋ, ಅಡ್ಡಪರಿಣಾಮ ಕಡಿಮೆಯಾಗುವುದರಲ್ಲೋ?
3. ಸಾದಾ ಔಷಧದಲ್ಲಿ ಇಲ್ಲದ ಯಾವ ತೊಂದರೆ ಇದರಲ್ಲಿ ಬರಬಹುದು?
4. ಸಾದಾ ಔಷಧವನ್ನೇ ಈ ವಾರ ಶುರುಮಾಡಿದರೆ ನಷ್ಟವೇನಾದರೂ ಇದೆಯೇ?
5. ಒಟ್ಟು ಎಷ್ಟು ಸುತ್ತು, ಎಷ್ಟು ವಯಲ್? ನಮ್ಮ ಯೋಜನೆಯಲ್ಲಿ ಈ ರೂಪಕ್ಕೂ ಹಣ ಸಿಗುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲೂ ಕೇಳಿ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದುಡಿಯುವ ಅನೇಕರಿಗೆ ಇಎಸ್‌ಐ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳಲ್ಲಿ ಗ್ರೂಪ್ ಇನ್ಶೂರೆನ್ಸ್ ಇದ್ದು, ಹಲವು ಕಡೆ ತಂದೆತಾಯಿಯೂ ಅದರಲ್ಲಿ ಸೇರಿರುತ್ತಾರೆ. ಕೀಮೋಗೆ ಹಣ ಸಿಗುತ್ತದೆ ಎಂದ ಮಾತ್ರಕ್ಕೆ ಅದರ ಲೈಪೋಸೋಮಲ್ ರೂಪಕ್ಕೂ ಸಿಗುತ್ತದೆ ಎಂದಲ್ಲ. ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನಲ್ಲೇ ಸರ್ಕಾರದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ.

ನಮ್ಮ ನಿರ್ಣಯ

‘ಲೈಪೋಸೋಮಲ್ ಔಷಧ ನೇರವಾಗಿ ಕ್ಯಾನ್ಸರ್ ಗಡ್ಡೆಗೆ ಮಾತ್ರ ಹೋಗುತ್ತದೆ, ಅಡ್ಡಪರಿಣಾಮವಿಲ್ಲ’ ಎಂಬುದು ತಪ್ಪು. ‘ಲೈಪೋಸೋಮಲ್ ಔಷಧ ಬರೀ ದುಡ್ಡಿನ ಆಟ’ ಎಂಬುದೂ ತಪ್ಪು. ‘ಲೈಪೋಸೋಮಲ್ ಅರಿಶಿನದ ಡಬ್ಬಿ ಕೀಮೋಗೆ ಸಮ’ ಎಂಬುದಕ್ಕೆ ಆಧಾರವೇ ಇಲ್ಲ. ನಿಮ್ಮ ಗುಂಪಿನಲ್ಲಿ ಇವುಗಳಲ್ಲಿ ಯಾವುದಾದರೂ ಬಂದಿದ್ದರೆ, ಅದರ ಕೆಳಗೆ ಮೇಲಿನ ಐದು ಪ್ರಶ್ನೆಗಳನ್ನು ಹಾಕಿ. ಗುಂಪಿನಲ್ಲಿ ಯಾರ ಮನೆಯಲ್ಲಿ ಈಗ ಕೀಮೋ ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಅವರಿಗೆ ಉಪಯೋಗಕ್ಕೆ ಬರಬಹುದು.